ಜೀನು ಓದುವ ಕೃಷ್ಣವ್ವ

ಮುನವಳ್ಳಿಯ ಕೃಷ್ಣವ್ವನ ಅಂಗಡಿ ಮುಂದೆ ನಡೆದು ಹೋಗುವವರು ಸ್ವಲ್ಪ ಹುಷಾರಾಗಿರಬೇಕು. ನಿಮ್ಮ ಮುಖ ಆಕೆಗೆ ಬೇಕಾಗಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಗಡಿನ ಅಂಗಡಿಯ ಹೊಸ್ತಿಲಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆಕೆ ನೋಡುವುದು ನಿಮ್ಮ ಚಪ್ಪಲಿಯನ್ನು. ಎಡ ಹಿಮ್ಮಡಿ ಹೆಚ್ಚು ಸವೆದಿದೆಯೇ, ಬಲ ಹೆಬ್ಬೆರಳ ಕೆಳಗೆ ತೂತು ಬಿದ್ದಿದೆಯೇ, ಅಷ್ಟು ಕಂಡರೆ ಸಾಕು. "ಎಡಗಾಲ ಮ್ಯಾಲ ಭಾಳ ಭಾರ ಬಿಡ್ತೀರಲ್ರಿ, ಬಲ ಮೊಣಕಾಲ ನೋಯಿಸತೈತೇನು?" ಎಂದು ಕರೆದು ಕೇಳಿಬಿಡುತ್ತಾಳೆ. ಕೇಳಿಸಿಕೊಂಡವರು ಮೊದಲು ಮುಖ ಗಂಟಿಕ್ಕುತ್ತಾರೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತಾರೆ.

ಈ ಗೀಳು ಆಕೆಗೆ ಹತ್ತನೇ ವಯಸ್ಸಿನಲ್ಲಿ ಅಂಟಿಕೊಂಡದ್ದು. ಅಪ್ಪ ಲಕ್ಕಪ್ಪ ಉಗರಗೋಳದಲ್ಲಿ ಜಟಕಾ ಕುದುರೆಗಳ ಸರಂಜಾಮು ಹೊಲಿಯುತ್ತಿದ್ದ. ಎಲ್ಲಮ್ಮನ ಗುಡ್ಡಕ್ಕೆ ಬರುವ ಜನರನ್ನು ಹೊತ್ತು ಆಗ ಜಟಕಾಗಳು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿದ್ದವು. ಅಂಥ ಒಂದು ಜಟಕಾದ ಹಿಂದೆ ಜೋತುಬಿದ್ದು ಹೋಗುವಾಗ ಕೃಷ್ಣವ್ವ ಬಿದ್ದಳು. ಮುರಿದ ಎಡಗಾಲು ಕೂಡಿತು, ಆದರೆ ಒಂದು ಬೆರಳಿನ ಅಗಲದಷ್ಟು ಗಿಡ್ಡವಾಗಿ ಕೂಡಿತು. ಅಪ್ಪ ಚಪ್ಪಲಿಯ ಕೆಳಗೆ ತೊಗಲಿನ ತುಂಡು ಸೇರಿಸಿ ಮಗಳನ್ನು ನೆಟ್ಟಗೆ ನಿಲ್ಲಿಸಿದ. ಅದು ಎಷ್ಟು ದಪ್ಪ ಇರಬೇಕೆಂದು ತಿಂಗಳಿಗೊಮ್ಮೆ ಅವಳ ಹಳೆಯ ಚಪ್ಪಲಿಯ ಸವೆತ ನೋಡಿ ನಿರ್ಧರಿಸುತ್ತಿದ್ದ. ಪಕ್ಕದಲ್ಲಿ ಕುಳಿತು ಅವಳೂ ನೋಡಿದಳು, ಮುಂದೆ ಊರಿನವರದ್ದನ್ನೆಲ್ಲ ನೋಡತೊಡಗಿದಳು.

ಆಮೇಲೆ ಆಟೋಗಳು ಬಂದವು, ಜಟಕಾಗಳು ಮೂಲೆ ಸೇರಿದವು. ಕೃಷ್ಣವ್ವನ ಗಂಡ ಪರಸಪ್ಪ ಅಂಥದ್ದೇ ಒಂದು ಆಟೋ ಓಡಿಸುತ್ತಾನೆ. "ನಮ್ಮಪ್ಪನ ಕಸಬ ನುಂಗಿದ ಗಾಡಿನ ನನಗ ಅನ್ನ ಹಾಕತೈತಿ" ಎಂದು ಆಕೆ ಈಗಲೂ ಚುಚ್ಚುತ್ತಾಳೆ. ಪರಸಪ್ಪ ನಗುತ್ತಾನೆಯೇ ಹೊರತು ಮಾತಿಗೆ ಮಾತು ಬೆಳೆಸುವುದಿಲ್ಲ. ಮೂವತ್ತು ವರ್ಷದ ಸಂಸಾರ ಅವನಿಗೆ ಅಷ್ಟನ್ನು ಕಲಿಸಿದೆ.

ಕುದುರೆಗಳೇನೂ ಪೂರ್ತಿ ಮಾಯವಾಗಲಿಲ್ಲ. ಓಟಕ್ಕೆ ಸಾಕುವವರು, ಮದುವೆಗೆ ಸಿಂಗರಿಸುವವರು, ಕಿತ್ತೂರು ಉತ್ಸವದಲ್ಲಿ ಸವಾರಿ ಮಾಡುವವರು ಉಳಿದರು. ರಾಮದುರ್ಗದಿಂದ ಕಿತ್ತೂರಿನವರೆಗೆ ಯಾರ ಜೀನು, ಅಂದರೆ ಕುದುರೆಯ ಬೆನ್ನಿನ ತೊಗಲಿನ ಆಸನ, ಹರಿದರೂ ಅದು ಕೃಷ್ಣವ್ವನ ಅಂಗಡಿಗೆ ಬರುತ್ತದೆ. ಜೀನನ್ನೂ ಆಕೆ ಚಪ್ಪಲಿಯಂತೆಯೇ ಓದುತ್ತಾಳೆ. ಸವಾರನ ಭಾರ ಯಾವ ಕಡೆ ಬೀಳುತ್ತದೋ ಆ ಕಡೆಯ ತೊಗಲು ಹೊಳೆಯುತ್ತದೆ, ಆ ಕಡೆಯ ರಿಕಾಪಿನ ಪಟ್ಟಿ ಹಿಗ್ಗುತ್ತದೆ. ರಿಕಾಪು ಎಂದರೆ ಸವಾರ ಕಾಲಿಡುವ ಕಬ್ಬಿಣದ ಬಳೆ. ಕುದುರೆಯನ್ನು ಎಲ್ಲರೂ ಎಡಗಡೆಯಿಂದ ಹತ್ತುವುದರಿಂದ ಎಡಪಟ್ಟಿ ಕೂದಲೆಳೆಯಷ್ಟು ಹಿಗ್ಗುವುದು ಸಹಜ. ಅದಕ್ಕಿಂತ ಹೆಚ್ಚು ಹಿಗ್ಗಿದ್ದರೆ ಏನೋ ಕಥೆ ಇದೆ ಎಂದು ಆಕೆಗೆ ಗೊತ್ತು.

ಈ ಅಂದಾಜಿಗೆ ಲೆಕ್ಕದ ಬಲ ಕೊಟ್ಟವಳು ತಂಗಿಯ ಮಗಳು ಸ್ನೇಹಲ್. ಬೈಲಹೊಂಗಲದಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ದೊಡ್ಡವ್ವ ಚಪ್ಪಲಿ ನೋಡಿ ಹೇಳುವ ಮಾತು ಹತ್ತರಲ್ಲಿ ಎಂಟು ಸರಿಯಾಗಿರುವುದನ್ನು ಕಂಡು ಅವಳಿಗೇ ಆಶ್ಚರ್ಯವಾಗಿ, ಎರಡು ತೂಕದ ಯಂತ್ರ ತಂದುಕೊಟ್ಟಳು. ಒಂದೊಂದರ ಮೇಲೆ ಒಂದೊಂದು ಕಾಲು ಇಟ್ಟು ಕಣ್ಣು ಮುಚ್ಚಿ ನಿಲ್ಲಿಸಿದರೆ ಯಾವ ಕಾಲು ಎಷ್ಟು ಭಾರ ಹೊರುತ್ತದೆ ಎಂಬುದು ಬಯಲಾಗುತ್ತದೆ. ಹೀಗೆ ನಾಲ್ಕಾರು ಪರೀಕ್ಷೆ ಕಲಿಸಿದಳು. ಕೃಷ್ಣವ್ವ ಕಲಿತಳು, ಕಲಿತು ಮೂಗು ಮುರಿದಳು. "ನೀ ವರ್ಷಗಟ್ಲೆ ಓದಿದ್ದೆಲ್ಲಾ ನನ್ನ ಚಪ್ಪಲ್ಯಾಗ ಇತ್ತಲ್ಲವ್ವಾ!"

ಹೋದ ವರ್ಷ, ಗಣಪತಿ ಹಬ್ಬ ಮುಗಿದ ವಾರ, ಸಂಗೊಳ್ಳಿಯ ಬಸಲಿಂಗಪ್ಪನವರು ಟೆಂಪೋದಲ್ಲಿ ಬಂದಿಳಿದರು. ನೀರಾವರಿ ಹೊಲ, ಎರಡು ಟ್ರ್ಯಾಕ್ಟರ್, ಊರಲ್ಲಿ ನಾಲ್ಕು ಜನ ಕೇಳುವ ಮಾತು, ಎಲ್ಲ ಇದ್ದವರು. ಹಿಂದೆ ಮಗಳು ಉಮಾಶ್ರೀ, ಬೈಲಹೊಂಗಲದಲ್ಲಿ ಡಿಗ್ರಿ ಓದುವ ಹುಡುಗಿ, ಅತ್ತು ಕೆಂಪಾದ ಕಣ್ಣು. ಬಸಲಿಂಗಪ್ಪನವರು ಜೀನನ್ನು ಕೃಷ್ಣವ್ವನ ಕೈಗೆ ಕೊಡಲಿಲ್ಲ, ಎರಡು ಮಾರು ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತರು. ಆಕೆ ಎದ್ದು ಹೋಗಿ ಎತ್ತಿಕೊಂಡಳು. ಇಂಥದ್ದು ಆಕೆಗೆ ಹೊಸದಲ್ಲ. ಹೊಸದಲ್ಲವೆಂದು ಚುಚ್ಚುವುದೇನೂ ಕಡಿಮೆಯಾಗುವುದಿಲ್ಲ.

"ಎಡಗಡಿ ಜೀನ ಕೆಳಗ ಬಾಗೇತಿ. ಒಳಗ ಕುರಿ ಕೂದಲದ ಉಣ್ಣಿ ತುಂಬಿ ನೆಟ್ಟಗ ಮಾಡಿ ಕೊಡು. ಐತವಾರ ಕುದರಿ ನೋಡಾಕ ಬರೋರದಾರ. ಜೀನ ಸಮೇತ ಮಾರತೇನಿ" ಎಂದರು.

"ಯಾಕ್ರಿ, ಕುದರಿ ಏನ ಮಾಡೇತಿ?"

"ಸುಳಿ ಖೊಟ್ಟಿ. ಹಣಿ ಮ್ಯಾಲಿನ ಸುಳಿ ಎಡಕ್ಕ ತಿರಗೇತಿ. ಅದಕ್ಕ ಕುದರಿನೂ ಎಡಕ್ಕ ಎಳೀತೈತಿ. ಬಲಕ್ಕ ತಿರಗ ಅಂದ್ರ ತಿರಗೂದಿಲ್ಲ. ಮೊನ್ನಿ ಈಕಿನ್ನ ಬೇಲ್ಯಾಗ ಒಗದೈತಿ."

ಕುದುರೆಯ ಹೆಸರು ಕಸ್ತೂರಿ. ಕಂದು ಬಣ್ಣದ ಹೆಣ್ಣುಕುದುರೆ. ಎರಡು ವರ್ಷದ ಹಿಂದೆ ಉಮಾಶ್ರೀ ಊಟ ಬಿಟ್ಟು ಹಟ ಹಿಡಿದು ಕೊಡಿಸಿಕೊಂಡದ್ದು. ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿ ಈ ಸಲ ಹನ್ನೆರಡು ಹೆಣ್ಣುಮಕ್ಕಳ ಕುದುರೆ ಸಾಲು ಹೊರಡುವುದಿತ್ತು. ಅದಕ್ಕೆ ಆಯ್ಕೆ ಇನ್ನು ಐದೂವರೆ ವಾರಕ್ಕೆ. ಮೈದಾನದಲ್ಲಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹೊಡೆದು ತೋರಿಸಬೇಕು. ಎಡಸುತ್ತು ಉಮಾಶ್ರೀಗೆ ನೀರು ಕುಡಿದಷ್ಟು ಸಲೀಸು, ಬಲಸುತ್ತು ಒಮ್ಮೆಯೂ ಬಂದಿರಲಿಲ್ಲ. ಕನಸು ಹೋದರೆ ಹೋಗಲಿ, ಕುದುರೆಯೇ ಐತವಾರ ಹೋಗುತ್ತದಲ್ಲ ಎಂದು ಹುಡುಗಿ ಅಳುತ್ತಿದ್ದಳು.

ಕೃಷ್ಣವ್ವ ಜೀನನ್ನು ತೊಡೆಯ ಮೇಲೆ ಮಗುಚಿಕೊಂಡಳು. ಎಡಗಡೆಯ ತೊಗಲು ಕನ್ನಡಿಯಂತಿತ್ತು, ಬಲಗಡೆ ಹೊಸದರಂತೆ ಒರಟು. ಎಡಪಟ್ಟಿ ಎರಡು ಬೆರಳು ಉದ್ದ. ಜೀನಿನ ಕೆಳಗೆ ಹಾಸುವ ಬಿಳಿ ಬಟ್ಟೆಯನ್ನು ಕೇಳಿ ತರಿಸಿಕೊಂಡು ಬಿಡಿಸಿದಳು. ಕುದುರೆಯ ಬೆವರು ಎಡಗಡೆ ಅಗಲವಾಗಿ, ಕಪ್ಪಾಗಿ ಮೂಡಿತ್ತು, ಬಲಗಡೆ ಅಂಗೈಯಷ್ಟು ಮಾಸಲು ಗುರುತು. ಆಮೇಲೆ ಆಕೆಯ ಕಣ್ಣು ಉಮಾಶ್ರೀಯ ಬೂಟಿನ ಮೇಲೆ ಬಿತ್ತು.

"ಬಲಗಾಲಿಗೆ ಏನಾಗಿತ್ತವ್ವಾ?"

"ಸ್ಕೂಟಿ ಮ್ಯಾಲಿಂದ ಬಿದ್ದಿದ್ನಿರಿ, ಕುದರಿ ತಗೊಳ್ಳೂಕಿಂತ ಮೊದಲ. ಹಿಮ್ಮಡದ ಕೀಲ ಮುರದಿತ್ತು. ಈಗ ಆರಾಮ ಐತ್ರಿ."

"ಆರಾಮ ಐತೋ ಇಲ್ಲೋ ಯಂತ್ರ ಹೇಳತೈತಿ, ಬಾ."

ತೂಕದ ಯಂತ್ರಗಳ ಮೇಲೆ ಹುಡುಗಿಯನ್ನು ನಿಲ್ಲಿಸಿ ಕಣ್ಣು ಮುಚ್ಚಿಸಿದಳು. ಐವತ್ತೆಂಟು ಕಿಲೋದ ಹುಡುಗಿ ಎಡಗಾಲಿಗೆ ಮೂವತ್ತಮೂರು ಕೊಟ್ಟು ಬಲಗಾಲಿಗೆ ಇಪ್ಪತ್ತೈದು ಮಾತ್ರ ಕೊಟ್ಟಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಅದರೊಳಗೆ ಕಣ್ಣು ಮುಚ್ಚಿ ನಿಂತಲ್ಲೇ ಐವತ್ತು ಹೆಜ್ಜೆ ಹಾಕಿಸಿದಳು. ಓಣಿಯ ಕಡೆ ಮುಖ ಮಾಡಿ ಶುರುಮಾಡಿದ ಉಮಾಶ್ರೀ ಕಣ್ಣು ತೆರೆದಾಗ ವೃತ್ತದ ಆಚೆ ಎಡಗೋಡೆಯನ್ನು ನೋಡುತ್ತ ನಿಂತಿದ್ದಳು, ತಾನು ತಿರುಗಿದ್ದು ಅವಳಿಗೇ ಗೊತ್ತಿರಲಿಲ್ಲ. ಬಲಗಾಲೊಂದರ ಮೇಲೆ ಕುರ್ಚಿಯಿಂದ ಏಳು ಎಂದರೆ ಏಳಲಾಗಲಿಲ್ಲ. ಬಲ ಹಿಮ್ಮಡಿ ಒಣಗಿದ ತೊಗಲಿನಂತೆ ಬಿಗಿದಿತ್ತು, ಬಲಸೊಂಟ ಅದರ ಕೆಲಸ ಎಂದೋ ಬಿಟ್ಟಿತ್ತು.

"ಕುದರಿ ತಪ್ಪಲ್ರಿ ಯಜಮಾನ್ರ. ನಿಮ್ಮ ಮಗಳ ಎಡಕ್ಕ ಕುಂದರತಾಳ. ಭಾರ ಬಿದ್ದ ಕಡೆ ಅದು ಹೊಕ್ಕೈತಿ, ಪಾಪ, ತನ್ನ ಬೆನ್ನ ಮ್ಯಾಲಿನ ಹುಡುಗಿ ಬೀಳಬಾರದಂತ."

ಬಸಲಿಂಗಪ್ಪನವರ ಮುಖ ಕೆಂಪಾಯಿತು. "ಚಪ್ಪಲಿ ಹೊಲಿಯಾಕಿ ನೀ. ನನ್ನ ಮಗಳ ಸೊಂಟದ ತಪಾಸಣಿ ನಿನಗ್ಯಾಕ? ಉಣ್ಣಿ ತುಂಬತೀಯೋ ಇಲ್ಲೋ?"

"ತುಂಬೂದಿಲ್ರಿ."

ಅಷ್ಟು ನೇರವಾದ ಮಾತನ್ನು ಬಸಲಿಂಗಪ್ಪನವರು ಬಹಳ ದಿನದಿಂದ ಕೇಳಿರಲಿಲ್ಲ. ಕೃಷ್ಣವ್ವ ಗೋಡೆಯತ್ತ ಕೈ ತೋರಿಸಿದಳು. ಬುದ್ಧನ ಪಟದ ಪಕ್ಕದ ಮೊಳೆಗೆ ಬಟ್ಟೆಯ ಪುಟ್ಟ ಗಂಟೊಂದು ತೂಗುತ್ತಿತ್ತು.

"ಅದರಾಗ ಒಂದ ಹಿಡಿ ಉಣ್ಣಿ ಐತ್ರಿ. ಹದಿನೈದ ವರ್ಷದ ಹಿಂದ ಹಿಂಗ ಒಬ್ಬರು ಬಂದಿದ್ರು, ಓಟದ ಕುದರಿ. ಜೀನ ಬಾಗೇತಿ, ತುಂಬು ಅಂದ್ರು. ಗಿರಾಕಿ ಹೇಳಿದ್ದು ಮಾಡೂದ ನಮ್ಮ ಕಸಬ ಅಂತ ನಾನೂ ತುಂಬಿದ್ನಿ. ಜೀನ ನೆಟ್ಟಗಾತು, ಕುಂದರಾಂವ ನೆಟ್ಟಗಾಗಲಿಲ್ಲ. ಮೂರ ತಿಂಗಳದಾಗ ಆ ಉಣ್ಣಿ ಕುದರಿ ಬೆನ್ನ ಹುಣ್ಣ ಮಾಡಿತು. ನಾ ಕೈಯಿಟ್ಟ ನೋಡೇನ್ರಿ ಆ ಹುಣ್ಣ. ಅದಕ್ಕೂ ಸುಳಿ ಖೊಟ್ಟಿ ಅಂದ್ರು, ಇಟ್ಟಂಗಿ ಭಟ್ಟಿಗೆ ಮಾರಿದ್ರು. ತಪ್ಪ ನಂದಿತ್ತು. ಇನ್ನೊಂದ ಕುದರಿಗೆ ನಾ ಅದನ್ನ ಮಾಡಾಂಗಿಲ್ಲ."

ಬಸಲಿಂಗಪ್ಪನವರು ಜೀನನ್ನು ಎತ್ತಿಕೊಂಡರು. ಬೇರೆ ಕಡೆ ಮಾಡಿಸುತ್ತೇನೆ, ಹೊಲಿಯುವವರಿಗೇನು ಬರವಿಲ್ಲ ಎಂದು ಗೊಣಗಿ ಟೆಂಪೋ ಹತ್ತಿದರು. ಉಮಾಶ್ರೀ ಮಾತ್ರ ತಿರುಗಿ ನೋಡುತ್ತಲೇ ಹೋದಳು.

ಕೃಷ್ಣವ್ವನಿಗೆ ಎರಡು ದಿನ ಕೈಗೆ ಕೆಲಸ ಹತ್ತಲಿಲ್ಲ. ಸೂಜಿ ಚುಚ್ಚಿಕೊಂಡಳು, ಗಿರಾಕಿಗಳ ಮೇಲೆ ಹರಿಹಾಯ್ದಳು. ಶನಿವಾರ ಬೆಳಿಗ್ಗೆ ಪರಸಪ್ಪ ಆಟೋ ಒರೆಸುತ್ತಿದ್ದಾಗ ಬಂದು ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟಳು.

"ಎಲ್ಲಿಗಿ?"

"ಸಂಗೊಳ್ಳಿಗಿ."

"ಅವರು ಕರದಾರೇನು?"

"ಕುದರಿ ಕರದೈತಿ."

ಪರಸಪ್ಪ ಆಟೋ ಚಾಲು ಮಾಡಿದ.

ಸಂಗೊಳ್ಳಿಯ ಹೊಲದ ಅಂಚಿನಲ್ಲಿ ಬಸಲಿಂಗಪ್ಪನವರು ಕಸ್ತೂರಿಗೆ ಮೈ ಉಜ್ಜಿಸುತ್ತ ನಿಂತಿದ್ದರು. ಜೀನು ಪಕ್ಕದಲ್ಲಿತ್ತು, ಉಣ್ಣೆ ತುಂಬಿಸಿರಲಿಲ್ಲ. ಕೃಷ್ಣವ್ವ ಕುದುರೆಯ ಬೆನ್ನ ಮೇಲೆ ಕೈಯಾಡಿಸಿದಳು. ಎಡಗಡೆ ಒಂದು ಕಡೆ ಒತ್ತಿದಾಗ ಕಸ್ತೂರಿ ಚರ್ಮ ನಡುಗಿಸಿತು. ಹುಣ್ಣಾಗಿರಲಿಲ್ಲ. ಸದ್ಯ, ತಡವಾಗಿಲ್ಲ ಎಂದು ಆಕೆಗೆ ಜೀವ ಬಂದಂತಾಯಿತು.

"ಯಜಮಾನ್ರ, ಒಂದ ಮಾತ ನಡಸ್ರಿ. ಪ್ರಾಯದಾಗ ಕುದರಿ ಹತ್ತತಿದ್ರಿ ಅಂತ ಕೇಳೇನಿ. ಇವತ್ತ ಒಂದ ಸಲ ನೀವ ಹತ್ರಿ. ಲಗಾಮು ಸಡ್ಲ ಬಿಟ್ಟ, ಆ ಬೇವಿನ ಗಿಡ ನೋಡಕೋತ ಸುಮ್ಮ ಕುಂದರ್ರಿ. ಸುಳಿ ಖೊಟ್ಟಿ ಇದ್ರ ಹೆಂಗೂ ಎಡಕ್ಕ ಹೊಕ್ಕೈತಿ. ಹೋತಂದ್ರ ನಾ ಉಣ್ಣಿ ತುಂಬತೇನಿ, ಮುಂದ ನಿಮ್ಮ ಮನಿ ಕಡೆ ತಲಿ ಹಾಕೂದಿಲ್ಲ."

ಊರವರ ಮುಂದೆ ಇಲ್ಲವೆನ್ನುವುದು ಹೇಗೆ? ಆಳುಮಕ್ಕಳು ನೋಡುತ್ತಿದ್ದರು, ಪಕ್ಕದ ಹೊಲದವರೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬಸಲಿಂಗಪ್ಪನವರು ಧೋತರ ಮೇಲೆ ಕಟ್ಟಿ, ಏದುಸಿರು ಬಿಡುತ್ತ ಹತ್ತಿದರು. ಕಸ್ತೂರಿ ಬೇವಿನ ಗಿಡದತ್ತ ಹೊರಟಿತು. ಹತ್ತು ಹೆಜ್ಜೆ ನೆಟ್ಟಗೆ ಹೋಯಿತು. ಆಮೇಲೆ ಮೆಲ್ಲಗೆ, ಯಾರೋ ಕೈಹಿಡಿದು ಕರೆದಂತೆ, ಬಲಕ್ಕೆ ಹೊರಳಿತು. ಇನ್ನೂ ಬಲಕ್ಕೆ ಹೋಯಿತು. ಕೊನೆಗೆ ಗಿಡವನ್ನು ಎಡಕ್ಕೆ ಬಿಟ್ಟು, ಯಜಮಾನರನ್ನು ಹೊತ್ತುಕೊಂಡು, ಅವರದೇ ಸೋಯಾಬೀನ್ ಹೊಲದೊಳಗೆ ಹೊಕ್ಕಿತು.

ಉಮಾಶ್ರೀ ನಕ್ಕುಬಿಟ್ಟಳು. ವಾರದಿಂದ ಅಳುತ್ತಿದ್ದ ಹುಡುಗಿ ನಕ್ಕದ್ದು ನೋಡಿ ಆಳುಗಳೂ ನಕ್ಕರು.

"ಸುಳಿ ಈಗ ಯಾ ಕಡೆ ತಿರಗೇತ್ರಿ?" ಕೃಷ್ಣವ್ವ ಕೂಗಿ ಕೇಳಿದಳು.

ಬಸಲಿಂಗಪ್ಪನವರು ನಂಬಲಿಲ್ಲ. ಮರಳಿ ಬಂದು ಇನ್ನೊಮ್ಮೆ ಹೊರಟರು. ಮತ್ತೆ ಬಲಕ್ಕೇ ಹೋಯಿತು. ಇಳಿದು ಕುದುರೆಯ ಹಣೆಯನ್ನೇ ದಿಟ್ಟಿಸಿ ನಿಂತರು. ಸುಳಿ ಇದ್ದಲ್ಲೇ ಇತ್ತು, ತಿರುಗಿದ ಕಡೆಗೇ ತಿರುಗಿತ್ತು.

"ಮೂವತ್ತ ವರ್ಷ ಟ್ರ್ಯಾಕ್ಟರ್ ಹೊಡದೀರಿ" ಎಂದಳು ಕೃಷ್ಣವ್ವ, ದನಿ ಇಳಿಸಿ. "ನೇಗಿಲ ನೋಡಾಕ ದಿನಾ ಬಲಕ್ಕ ಹೊರಳಿ ಕುಂತೀರಿ. ಮೈ ಹಂಗ ಕೂತಬಿಟ್ಟೈತಿ. ನಿಮ್ಮ ಬಲ ಚಪ್ಪಲಿ ಹೊರಗಿನ ಅಂಚ ನೋಡಕೋರಿ. ನನಗ ಮೊನ್ನೆನ ಕಂಡಿತ್ತು. ಕುದರಿ ನಿಮ್ಮ ಮೈ ಹೇಳಿದ್ದ ಕೇಳತೈತಿ, ನಿಮ್ಮ ಬಾಯಿ ಹೇಳಿದ್ದಲ್ಲ."

ಅವರು ಚಪ್ಪಲಿ ತೆಗೆದು ಮಗುಚಿ ನೋಡಿದರು. ಆಮೇಲೆ ಫೋನು ತೆಗೆದು ಐತವಾರ ಬರುವವರಿಗೆ ಈಗ ಬರಬೇಡಿರೆಂದು ಹೇಳಿದರು.

"ಐದ ವಾರ. ಕಿತ್ತೂರಾಗ ಬಲಕ್ಕ ತಿರಗಿದ್ರ ಕುದರಿ ಉಳೀತೈತಿ. ಇಲ್ಲಂದ್ರ ಮಾರಾಂವನ" ಎಂದರು ಮಗಳಿಗೆ. ಅಷ್ಟಕ್ಕೇ ಅವಳು ಕುದುರೆಯ ಕೊರಳು ತಬ್ಬಿಕೊಂಡಳು.

ಆ ಐದು ವಾರ ಉಮಾಶ್ರೀ ದುಡಿದದ್ದು ಮೈದಾನದಲ್ಲಿ ಕಡಿಮೆ, ಮನೆಯಲ್ಲಿ ಹೆಚ್ಚು. ಬಲಗಾಲೊಂದರ ಮೇಲೆ ನಿಂತು ಹಲ್ಲುಜ್ಜಬೇಕು. ಬಾಗಿಲ ಮೆಟ್ಟಿಲನ್ನು ಬಲಗಾಲಿನಿಂದಲೇ ಹತ್ತಿ ಮೆಲ್ಲಗೆ ಇಳಿಯಬೇಕು. ಕಾಲೇಜಿನ ಬ್ಯಾಗು ಇನ್ನೊಂದು ಹೆಗಲಿಗೆ. ಬುಧವಾರ ಬೈಲಹೊಂಗಲದಲ್ಲಿ ಸ್ನೇಹಲ್ ಹಿಮ್ಮಡಿಯ ಕೀಲು ಸಡಿಲಿಸುತ್ತಿದ್ದಳು, ಸೊಂಟಕ್ಕೆ ಹೊಸ ವ್ಯಾಯಾಮ ಹೇಳಿಕೊಡುತ್ತಿದ್ದಳು. ಕೃಷ್ಣವ್ವ ರಿಕಾಪಿನ ಪಟ್ಟಿಗಳನ್ನು ಹೊಸದಾಗಿ ಸಮ ಅಳತೆಗೆ ಕತ್ತರಿಸಿಕೊಟ್ಟು, ವಾರಕ್ಕೊಮ್ಮೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸು ಎಂದಳು. ಮೂರನೇ ವಾರದವರೆಗೆ ಕುದುರೆ ಹತ್ತಕೂಡದು ಎಂದೂ ಹೇಳಿದಳು, ಕಸ್ತೂರಿಯ ಬೆನ್ನಿಗೂ ವಿಶ್ರಾಂತಿ ಬೇಕಲ್ಲ.

ಪ್ರತಿ ಸೋಮವಾರ ಉಮಾಶ್ರೀ ಮನೆಯಲ್ಲೇ ಅಂಥವೇ ಎರಡು ಯಂತ್ರದ ಮೇಲೆ ನಿಂತು ಎಡಗಾಲು, ಬಲಗಾಲಿನ ಲೆಕ್ಕವನ್ನು ಫೋನಿನಲ್ಲಿ ಹೇಳುತ್ತಿದ್ದಳು. ಮೂವತ್ತೆರಡು, ಇಪ್ಪತ್ತಾರು. ಮೂವತ್ತೊಂದು, ಇಪ್ಪತ್ತೇಳು. ಮೂರನೇ ವಾರ ಕೀಲು ಬಾತುಕೊಂಡು ಸ್ನೇಹಲ್ ನಾಲ್ಕು ದಿನ ಎಲ್ಲ ನಿಲ್ಲಿಸಿದಳು. ಅಂದು ಉಮಾಶ್ರೀ ಫೋನಿನಲ್ಲಿ ಬಿಕ್ಕಿದಳು. "ನನ್ನ ಕಡೆಯಿಂದ ಆಗೂದಿಲ್ರಿ."

"ನನ್ನ ಕಾಲ ಒಂದ ಬೆರಳ ಗಿಡ್ಡ ಐತಿ, ಅದು ಉದ್ದ ಆಗೂದಿಲ್ಲ" ಎಂದಳು ಕೃಷ್ಣವ್ವ. "ನಿಂದು ಕಲಿಯೂ ಕಾಲವ್ವಾ. ಕಲಿಯೂದಕ್ಕ ನಾಕ ದಿನ ಹೆಚ್ಚ ಹಿಡದ್ರ ಏನಾತು?"

ಫೋನಿಟ್ಟ ಮೇಲೆ ಮಾತ್ರ ಆಕೆಗೆ ಹೆದರಿಕೆಯಾಯಿತು. ತಾನು ಹೇಳಿದ್ದು ಸುಳ್ಳಾದರೆ ಆ ಕಂದು ಕುದುರೆಯೂ ಭಟ್ಟಿಯಲ್ಲಿ ಇಟ್ಟಿಗೆ ಎಳೆಯಬೇಕಾದೀತು. ಗೋಡೆಯ ಗಂಟನ್ನು ನೋಡಿದಳು, ನೋಡಬಾರದಿತ್ತು ಅನ್ನಿಸಿತು.

ಆಯ್ಕೆಯ ದಿನ ಕೃಷ್ಣವ್ವ ಕಿತ್ತೂರಿಗೆ ಹೋಗಲಿಲ್ಲ. ಕರೆದಿದ್ದರು, ಆಟೋ ಕೂಡ ಸಿದ್ಧವಿತ್ತು. ಧೈರ್ಯ ಸಾಲಲಿಲ್ಲ, ಅಷ್ಟೇ. ಬೆಳಿಗ್ಗೆಯಿಂದ ಒಂದೇ ಚಪ್ಪಲಿಯನ್ನು ಹೊಲಿದು ಬಿಚ್ಚಿದಳು, ಬಿಚ್ಚಿ ಹೊಲಿದಳು. ಫೋನು ಬರಲಿಲ್ಲ. ಪರಸಪ್ಪ ಚಹಾ ತಂದಿಟ್ಟ, ಅದು ಆರಿತು. ಮಧ್ಯಾಹ್ನ ಬಾಗಿದ ಮೇಲೆ ಓಣಿಯ ತುದಿಯಲ್ಲಿ ಟೆಂಪೋ ನಿಂತ ಸದ್ದು ಕೇಳಿಸಿತು.

ಬಸಲಿಂಗಪ್ಪನವರು ಹೆಗಲ ಮೇಲೆ ಜೀನು ಹೊತ್ತು ತಾವೇ ನಡೆದು ಬಂದರು. ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ. ಹಿಂದೆ ಉಮಾಶ್ರೀ, ಮೈತುಂಬ ಧೂಳು, ತುಟಿ ಬಿಗಿಹಿಡಿದಿದ್ದಳು. ಬಸಲಿಂಗಪ್ಪನವರು ಈ ಸಲ ಜೀನನ್ನು ನೆಲಕ್ಕಿಡಲಿಲ್ಲ, ಹೊಸ್ತಿಲವರೆಗೆ ಬಂದು ಕೃಷ್ಣವ್ವನ ಕೈಗೇ ಕೊಟ್ಟರು.

"ಏನಾತ್ರಿ?"

"ನೀವ ಓದ್ರಿ" ಎಂದಳು ಉಮಾಶ್ರೀ, ಬಿಳಿ ಬಟ್ಟೆಯನ್ನು ಆಕೆಯ ಮುಂದೆ ಹಿಡಿದು.

ಕೃಷ್ಣವ್ವ ಬಟ್ಟೆಯನ್ನು ಅಂಗಡಿಯ ನೆಲದ ಮೇಲೆ ಹಾಸಿದಳು. ಅದು ಇನ್ನೂ ಹಸಿಯಾಗಿತ್ತು, ಕುದುರೆಯ ವಾಸನೆ ಹೊಡೆಯುತ್ತಿತ್ತು. ಎಡಗಡೆಯ ಬೆವರಿನ ಗುರುತನ್ನು ಗೇಣು ಹಾಕಿ ಅಳೆದಳು, ಒಂದು ಗೇಣು ನಾಲ್ಕು ಬೆರಳು. ಬಲಗಡೆಯದನ್ನು ಅಳೆಯುವಾಗ ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ಕನ್ನಡಕ ಒರೆಸಿಕೊಂಡು ಅಳೆದಳು. ಒಂದು ಗೇಣು ನಾಲ್ಕು ಬೆರಳು.

"ಬಲಕ್ಕ ತಿರಗ್ಯಾಳ" ಎಂದಳು, ತನಗೇ ಹೇಳಿಕೊಂಡಂತೆ.

"ಎರಡೂ ಸುತ್ತ ಹೊಡದೇನ್ರಿ! ಸಾಲಿನ್ಯಾಗ ನಂದ ಮೂರನೇ ಕುದರಿ!" ಉಮಾಶ್ರೀ ಕೂಗಿ ಆಕೆಯ ಕೊರಳಿಗೆ ಬಿದ್ದಳು. ಕೃಷ್ಣವ್ವ ಅತ್ತಳು. ಗಂಡನ ಮುಂದೆ, ಗಿರಾಕಿಯ ಮುಂದೆ, ಓಣಿಯ ಮುಂದೆ ಜೋರಾಗಿ ಅತ್ತಳು. ಭಟ್ಟಿಗೆ ಹೋದ ಆ ಕುದುರೆಗೆ ಈ ಸುದ್ದಿ ಮುಟ್ಟುವುದಿಲ್ಲವಲ್ಲ ಎಂದೂ ಅತ್ತಳು. ಗೋಡೆಯ ಗಂಟನ್ನು ಆಕೆ ತೆಗೆಯಲಿಲ್ಲ, ಅದು ಈಗಲೂ ಅಲ್ಲೇ ಇದೆ.

ಬಸಲಿಂಗಪ್ಪನವರು ಅಷ್ಟು ಹೊತ್ತು ಬಾಗಿಲಲ್ಲಿ ನಿಂತೇ ಇದ್ದರು. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದು, ಯಾರೂ ಹೇಳದೆಯೇ, ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲಿಟ್ಟು ನಿಂತರು.

"ನಂದೂ ಒಂದಿಷ್ಟ ನೋಡಬೇ ತಂಗಿ. ಬೆನ್ನ ಭಾಳ ವರ್ಷದಿಂದ ನೋಯಿಸಾಕ ಹತ್ತೇತಿ. ಯಾರ ಮುಂದೂ ಹೇಳಿಲ್ಲ."

"ಕಣ್ಣ ಮುಚ್ಚರಿ" ಎಂದಳು ಕೃಷ್ಣವ್ವ, ಮೂಗು ಒರೆಸಿಕೊಳ್ಳುತ್ತ.

ಅವರು ಮುಚ್ಚಿದರು. ಮುಚ್ಚಿದ ಕೂಡಲೇ ಅಷ್ಟು ದೊಡ್ಡ ಮೈ ಬಲಕ್ಕೆ ವಾಲಿತು, ಆಸರೆಗೆಂದು ಕೈ ಗಾಳಿಯಲ್ಲಿ ಹುಡುಕಾಡಿತು. ಸಿಕ್ಕಿದ್ದು ಕೃಷ್ಣವ್ವನ ಹೆಗಲು. ಯಂತ್ರದ ಅಂಕಿ ನಿಲ್ಲುವವರೆಗೂ ಅವರು ಆ ಕೈಯನ್ನು ತೆಗೆಯಲಿಲ್ಲ.